ನ್ಯಾಯಬೆಲೆಯ ಇನ್ನೊಂದು ಮುಖ: ದಿನನಿತ್ಯದ ಖರೀದಿಯಲ್ಲಿ ಉತ್ಪಾದಕನ ಪಾಲು

'ನ್ಯಾಯಬೆಲೆ' ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಪಡಿತರ ಚೀಟಿಯ ಆಧಾರದ ಮೇಲೆ ಆಹಾರಧಾನ್ಯಗಳನ್ನು ವಿತರಿಸುವ ಅಂಗಡಿಯನ್ನು ಜನರು ದಶಕಗಳಿಂದ ನ್ಯಾಯಬೆಲೆ ಅಂಗಡಿ ಎಂದೇ ಕರೆಯುತ್ತ ಬಂದಿದ್ದಾರೆ. ಈ ಹೆಸರಿನಲ್ಲಿ ಅಡಗಿರುವ ನ್ಯಾಯವು ಕೊಳ್ಳುವವನಿಗೆ ಸಲ್ಲತಕ್ಕ ನ್ಯಾಯವಾಗಿದೆ. ಬಡವನಿಗೂ ಕೈಗೆಟಕುವ ದರದಲ್ಲಿ ಧಾನ್ಯ ದೊರೆಯಬೇಕೆಂಬುದು ಅದರ ಉದ್ದೇಶ. ಆದರೆ ಪ್ರತಿಯೊಂದು ಬೆಲೆಗೂ ಎರಡು ತುದಿಗಳಿರುತ್ತವೆ. ಒಂದು ತುದಿಯಲ್ಲಿ ಕೊಳ್ಳುವವನಿದ್ದರೆ ಇನ್ನೊಂದು ತುದಿಯಲ್ಲಿ ಬೆಳೆದವನು, ನೇಯ್ದವನು, ಹೊಲಿದವನು, ಹೊತ್ತು ತಂದವನು ಇರುತ್ತಾನೆ. ಕೊಳ್ಳುವವನಿಗೆ ಅಗ್ಗವಾಗಿ ದೊರೆತ ವಸ್ತುವು ಮಾಡಿದವನ ಹೊಟ್ಟೆಗೆ ಸಾಲದಷ್ಟು ಕೂಲಿಯಿಂದ ಅಗ್ಗವಾಗಿದ್ದರೆ ಆ ಬೆಲೆಯನ್ನು ನ್ಯಾಯವಾದುದೆನ್ನಲು ಸಾಧ್ಯವೇ? ಈ ಪ್ರಶ್ನೆಯಿಂದ ಹುಟ್ಟಿದ ವಿಚಾರವೇ 'ನ್ಯಾಯಯುತ ವ್ಯಾಪಾರ'.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಪ್ರದೇಶಗಳಲ್ಲಿ ಲಕ್ಷಾಂತರ ಕುಟುಂಬಗಳು ನೆಲೆಸಿದ್ದು, ಅವುಗಳಲ್ಲಿ ಕನ್ನಡಿಗರ ಸಂಖ್ಯೆಯೂ ಗಣನೀಯವಾಗಿದೆ. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಇಂತಹ ಒಂದು ಕುಟುಂಬವು ತನ್ನ ದಿನನಿತ್ಯದ ಖರೀದಿಯನ್ನು ನ್ಯಾಯಯುತ ವ್ಯಾಪಾರದ ವಸ್ತುಗಳಿಗೆ ಮಾತ್ರ ಸೀಮಿತಗೊಳಿಸಬಯಸಿದರೆ ಅದು ಎಷ್ಟರ ಮಟ್ಟಿಗೆ ಸಾಧ್ಯ, ಎಲ್ಲಿ ಕಷ್ಟ, ಎಲ್ಲಿ ಅಸಾಧ್ಯ ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

ಕಲ್ಪನೆಯ ಹಿನ್ನೆಲೆ

ನ್ಯಾಯಯುತ ವ್ಯಾಪಾರದ ಮುದ್ರೆಯು ಮೊದಲು ಅಂಟಿದ ವಸ್ತು ಕಾಫಿ. 1988ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ 'ಮಾಕ್ಸ್ ಹಾವಲಾರ್' ಎಂಬ ಹೆಸರಿನ ಮುದ್ರೆಯು ಬಳಕೆಗೆ ಬಂದಿತು. ಮೆಕ್ಸಿಕೋದ ಸಣ್ಣ ಕಾಫಿ ಬೆಳೆಗಾರರ ಸಹಕಾರ ಸಂಘವೊಂದರ ಕಾಫಿಯನ್ನು ಸಾಮಾನ್ಯ ಅಂಗಡಿಗಳಲ್ಲಿಯೇ ಮಾರುವುದು ಅದರ ಗುರಿಯಾಗಿತ್ತು. ಜಾವಾ ದ್ವೀಪದ ರೈತರ ಶೋಷಣೆಯನ್ನು ಚಿತ್ರಿಸಿದ, 1860ರಲ್ಲಿ ಪ್ರಕಟವಾದ ಡಚ್ ಕಾದಂಬರಿಯೊಂದರ ನಾಯಕನ ಹೆಸರನ್ನೇ ಮುದ್ರೆಗೆ ಇಡಲಾಗಿತ್ತು. ಮರುವರ್ಷ, ಅಂದರೆ 1989ರ ಜುಲೈ ತಿಂಗಳಲ್ಲಿ, ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲಿನ ವ್ಯವಸ್ಥೆಯು ಕುಸಿದುಬಿದ್ದು ಕಾಫಿಯ ಬೆಲೆ ತೀವ್ರವಾಗಿ ಇಳಿಯಿತು. ಬೆಳೆಗಾರರ ಸಂಕಷ್ಟ ಹೆಚ್ಚಿದಂತೆ ಮುದ್ರೆಯ ಅಗತ್ಯವೂ ಜನರಿಗೆ ಮನವರಿಕೆಯಾಯಿತು. ವಿವಿಧ ದೇಶಗಳ ಇಂತಹ ಮುದ್ರೆಗಳೆಲ್ಲ 1997ರಲ್ಲಿ ಒಂದೇ ಅಂತಾರಾಷ್ಟ್ರೀಯ ಸಂಸ್ಥೆಯಡಿ ಸೇರಿದವು. ಭಾರತದ ಗ್ರಾಹಕರಿಗಾಗಿ ಈ 'ಫೇರ್‌ಟ್ರೇಡ್' ಮುದ್ರೆಯನ್ನು 2013ರಲ್ಲಿ ಪರಿಚಯಿಸಲಾಯಿತು.

ಈ ವ್ಯವಸ್ಥೆಯು ಎರಡು ಆಧಾರಗಳ ಮೇಲೆ ನಿಂತಿದೆ. ಮೊದಲನೆಯದು ಕನಿಷ್ಠ ಬೆಲೆ. ಮಾರುಕಟ್ಟೆಯ ದರ ಎಷ್ಟೇ ಇಳಿದರೂ ಖರೀದಿದಾರನು ನಿಗದಿತ ಕನಿಷ್ಠ ಬೆಲೆಯನ್ನು ಕೊಡಲೇಬೇಕು; ಮಾರುಕಟ್ಟೆಯ ದರ ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ದರವನ್ನೇ ಕೊಡಬೇಕು. ಎರಡನೆಯದು ಹೆಚ್ಚುವರಿ ನಿಧಿ. ಬೆಲೆಯ ಜೊತೆಗೆ ಕೊಡುವ ಈ ಮೊತ್ತವು ಬೆಳೆಗಾರರ ಸಂಘಕ್ಕೆ ಸೇರಿ, ಶಾಲೆ, ಬಾವಿ, ಗೋದಾಮು ಮೊದಲಾದ ಸಾಮೂಹಿಕ ಕಾರ್ಯಗಳಿಗೆ ಸಂಘದ ಸದಸ್ಯರ ತೀರ್ಮಾನದಂತೆ ವಿನಿಯೋಗವಾಗುತ್ತದೆ. 2023ರಲ್ಲಿ ಅರೇಬಿಕಾ ಕಾಫಿಯ ಕನಿಷ್ಠ ಬೆಲೆಯನ್ನು ಪೌಂಡಿಗೆ 1.80 ಡಾಲರ್‌ಗೆ ಏರಿಸಲಾಯಿತು. ಹೆಚ್ಚುವರಿ ನಿಧಿಯ ದರವು ಪೌಂಡಿಗೆ 20 ಸೆಂಟ್ ಆಗಿತ್ತು. ಅರ್ಧ ಕಿಲೋ ಕಾಫಿಪುಡಿಗೆ ಸುಮಾರು 600 ಗ್ರಾಂ ಹಸಿ ಬೀಜ ಬೇಕೆಂದು ಲೆಕ್ಕ ಹಾಕಿದರೆ, ಈ ನಿಧಿಯ ಭಾರವು ತಿಂಗಳಿಗೆ ಅರ್ಧ ಕಿಲೋ ಪುಡಿ ಬಳಸುವ ಕುಟುಂಬಕ್ಕೆ ಇಪ್ಪತ್ತು–ಇಪ್ಪತ್ತೈದು ರೂಪಾಯಿಗಳಷ್ಟು ಮಾತ್ರ. ನ್ಯಾಯಕ್ಕೆ ತಗಲುವ ವೆಚ್ಚವು ಎಲ್ಲ ಸಂದರ್ಭಗಳಲ್ಲಿಯೂ ದುಬಾರಿಯಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

ನಮ್ಮ ದೇಶದ ಪರಂಪರೆ

ಹೆಸರು ಹೊರಗಿನದಾದರೂ ವಿಚಾರವು ಭಾರತಕ್ಕೆ ಹೊರಗಿನದಲ್ಲ. 1925ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕ ಸಂಘವು ಖಾದಿಯ ಉತ್ಪಾದನೆ ಮತ್ತು ಮಾರಾಟದ ಹೊಣೆ ಹೊತ್ತಿತ್ತು. ಖಾದಿಯನ್ನು ಆದಷ್ಟು ಅಗ್ಗವಾಗಿ ಜನರಿಗೆ ಒದಗಿಸಬೇಕೆಂಬುದು ಆರಂಭದ ನೀತಿಯಾಗಿತ್ತು. ಆದರೆ ಈ ಅಗ್ಗದ ಹಿಂದೆ ನೂಲುವ ಹೆಂಗಸರ ಅತ್ಯಲ್ಪ ಕೂಲಿ ಇದ್ದುದನ್ನು ಕಂಡ ಗಾಂಧೀಜಿಯವರು 1935ರಲ್ಲಿ ಈ ನೀತಿಯನ್ನೇ ಪ್ರಶ್ನಿಸಿದರು. ಎಂಟು ಗಂಟೆಗಳ ನೂಲುವಿಕೆಗೆ ಎಂಟು ಆಣೆ ಕೂಲಿ ದೊರೆಯಬೇಕೆಂಬುದು ಅವರ ಆದರ್ಶವಾಗಿತ್ತು. ಒಮ್ಮೆಗೇ ಅಷ್ಟು ಏರಿಸುವುದು ಸಾಧ್ಯವಾಗದಿದ್ದರೂ ಕೂಲಿಯನ್ನು ಹಂತಹಂತವಾಗಿ ಹೆಚ್ಚಿಸುವ ನಿರ್ಧಾರವನ್ನು ಸಂಘವು ಕೈಗೊಂಡಿತು. ಬೆಲೆ ಏರಿದರೆ ಮಾರಾಟ ಕುಸಿಯುವುದೆಂಬ ಭಯವು ಕಾರ್ಯಕರ್ತರಲ್ಲಿತ್ತು. ಉಡುವವನು ನೂಲುವವಳ ಹೊಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಈ ತತ್ತ್ವವು, ಯೂರೋಪಿನಲ್ಲಿ ಕಾಫಿಯ ಮುದ್ರೆ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ನಮ್ಮಲ್ಲಿ ಆಚರಣೆಗೆ ಬಂದಿತ್ತೆಂಬುದು ಗಮನಾರ್ಹ.

ಸ್ವತಂತ್ರ ಭಾರತದ ಸಂವಿಧಾನವೂ ಇದೇ ದಾರಿಯಲ್ಲಿದೆ. 43ನೆಯ ಅನುಚ್ಛೇದವು ದುಡಿಯುವವರಿಗೆ ಜೀವನ ನಿರ್ವಹಣೆಗೆ ಸಾಲುವ ವೇತನ ದೊರೆಯುವಂತೆ ರಾಜ್ಯವು ಪ್ರಯತ್ನಿಸಬೇಕೆಂದೂ ಗ್ರಾಮಾಂತರ ಗೃಹೋದ್ಯೋಗಗಳನ್ನು ಪ್ರೋತ್ಸಾಹಿಸಬೇಕೆಂದೂ ಹೇಳುತ್ತದೆ. 23ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ನೀಡಿದ ತೀರ್ಪು ಮಹತ್ವದ್ದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆಗೆ ಸಮಾನ ಎಂದು ಅದು ಸ್ಪಷ್ಟಪಡಿಸಿತು. 1948ರ ಕನಿಷ್ಠ ವೇತನ ಕಾಯ್ದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೀಗಾಗಿ ನ್ಯಾಯಯುತ ಕೂಲಿಯು ಗ್ರಾಹಕನ ದಯೆಯ ವಿಷಯವಲ್ಲ. ಅದು ದುಡಿಯುವವನ ಹಕ್ಕು.

ಠಾಣೆ ಜಿಲ್ಲೆಯ ಚಿತ್ರ

ಕೊಳ್ಳುವವನೂ ಉತ್ಪಾದಿಸುವವನೂ ಒಂದೇ ಜಿಲ್ಲೆಯಲ್ಲಿ ಇಷ್ಟು ಹತ್ತಿರವಾಗಿ ವಾಸಿಸುವ ಸ್ಥಳಗಳು ವಿರಳ. ಠಾಣೆ ಮತ್ತು ಕಲ್ಯಾಣ ನಗರಗಳ ನಡುವೆ ಇರುವ ಭಿವಂಡಿಯು ದೇಶದ ಅತಿ ದೊಡ್ಡ ವಿದ್ಯುತ್ ಮಗ್ಗ ಕೇಂದ್ರಗಳಲ್ಲೊಂದು. ಉತ್ತರ ಪ್ರದೇಶ, ಬಿಹಾರ, ತೆಲಂಗಾಣಗಳಿಂದ ಬಂದ ಕಾರ್ಮಿಕರು ಇಲ್ಲಿ ನೇಯ್ದ ಬಟ್ಟೆಯ ಅಳತೆಯ ಮೇಲೆ ಕೂಲಿ ಪಡೆಯುತ್ತಾರೆ. ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. ಇಲ್ಲಿಂದ ಹೊರಡುವ ಬಿಳಿಚದ ಬಟ್ಟೆಯು ಬೇರೆಡೆ ಬಣ್ಣ ಪಡೆದು, ಹೊಲಿಗೆಯಾಗಿ, ಹಲವು ಹೆಸರುಗಳಡಿ ಮತ್ತೆ ಇದೇ ಜಿಲ್ಲೆಯ ಅಂಗಡಿಗಳಿಗೆ ಬರಬಹುದು. ಆಗ ಅದರ ಮೇಲೆ ನೇಯ್ದವನ ಗುರುತು ಉಳಿದಿರುವುದಿಲ್ಲ.

ಪೂರ್ವಕ್ಕೆ ಶಹಾಪುರ ಮತ್ತು ಮುರಬಾಡ ತಾಲ್ಲೂಕುಗಳಿವೆ. ಮಹಾನಗರಕ್ಕೆ ನೀರುಣಿಸುವ ತಾನ್ಸಾ, ಭಾತ್ಸಾ ಜಲಾಶಯಗಳು ಇರುವುದು ಶಹಾಪುರದಲ್ಲಿ. ಇಲ್ಲಿ ವಾಸಿಸುವ ಕಾತಕರಿ ಸಮುದಾಯವು ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರ್ಕಾರವು ಗುರುತಿಸಿದ ಬುಡಕಟ್ಟುಗಳಲ್ಲಿ ಒಂದಾಗಿದೆ. ಭೂಮಿಯಿಲ್ಲದ ಅನೇಕ ಕಾತಕರಿ ಕುಟುಂಬಗಳು ಮಳೆಗಾಲದಲ್ಲಿ ಮುಂಗಡ ಹಣ ಪಡೆದು, ಬೇಸಿಗೆಯಲ್ಲಿ ಇಟ್ಟಿಗೆ ಭಟ್ಟಿಗಳಲ್ಲಿ ದುಡಿದು ಸಾಲ ತೀರಿಸುವ ಸ್ಥಿತಿಯಲ್ಲಿದ್ದವು. ಜೀತ ಪದ್ಧತಿಯನ್ನು 1976ರ ಕಾಯ್ದೆಯು ರದ್ದುಪಡಿಸಿತಾದರೂ ಅದು ತಾನಾಗಿಯೇ ಅಳಿಯಲಿಲ್ಲ. ಆಗ ಠಾಣೆ ಜಿಲ್ಲೆಗೆ ಸೇರಿದ್ದ ವಸಯಿ ಭಾಗದಲ್ಲಿ ವಿವೇಕ ಪಂಡಿತ ಮತ್ತು ವಿದ್ಯುಲ್ಲತಾ ಪಂಡಿತ ಅವರು 1982ರಲ್ಲಿ ಸ್ಥಾಪಿಸಿದ ಶ್ರಮಜೀವಿ ಸಂಘಟನೆಯು ಜೀತದಾಳುಗಳ ಬಿಡುಗಡೆಗಾಗಿ ದೀರ್ಘಕಾಲ ಹೋರಾಡಿತು. ಗುಲಾಮಗಿರಿ ವಿರೋಧಿ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಪ್ರಶಸ್ತಿಯು 1999ರಲ್ಲಿ ಈ ದಂಪತಿಗಳಿಗೆ ಸಂದಿತು. ಹೊಸ ಬಡಾವಣೆಗಳ ಮನೆ ಕೊಳ್ಳುವಾಗ ಅದರ ಇಟ್ಟಿಗೆಯ ಮೂಲವನ್ನು ಕೇಳುವವರು ಇಲ್ಲವೆಂದೇ ಹೇಳಬೇಕು. ನ್ಯಾಯಯುತ ಖರೀದಿಯ ಪ್ರಶ್ನೆಯು ಕಾಫಿ–ಚಾಕಲೇಟುಗಳಿಗೆ ಸೀಮಿತವಾದ ವಿದೇಶಿ ವಿಷಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇದೇ ಶಹಾಪುರದಿಂದ ಆಶಾದಾಯಕವಾದ ಉದಾಹರಣೆಯೂ ದೊರೆತಿದೆ. ಅರಣ್ಯದ ಕಿರು ಉತ್ಪನ್ನಗಳಿಗೆ ಮೌಲ್ಯ ಸೇರಿಸಿ ಮಾರುವ ಉದ್ದೇಶದಿಂದ ಕೇಂದ್ರ ಸರ್ಕಾರವು 2018ರಲ್ಲಿ ವನಧನ ಯೋಜನೆಯನ್ನು ಆರಂಭಿಸಿತು. ಶಹಾಪುರದ ಆದಿವಾಸಿ ಏಕಾತ್ಮಿಕ ಸಾಮಾಜಿಕ ಸಂಸ್ಥೆಯ ಕಾತಕರಿ ಯುವಕರು ಈ ಯೋಜನೆಯಡಿ ಅಮೃತಬಳ್ಳಿಯನ್ನು ಸಂಗ್ರಹಿಸಿ, ಒಣಗಿಸಿ, ಪುಡಿಮಾಡಿ ಔಷಧ ತಯಾರಕರಿಗೆ ನೇರವಾಗಿ ಪೂರೈಸಲಾರಂಭಿಸಿದರು. ಬಳ್ಳಿ ಮೊದಲೂ ಕಾಡಿನಲ್ಲಿತ್ತು, ಕೊಳ್ಳುವವರೂ ಇದ್ದರು. ಸಂಗ್ರಹಿಸಿದವರೇ ಸಂಘಟಿತರಾಗಿ ಸಂಸ್ಕರಣೆಯನ್ನೂ ಮಾರಾಟವನ್ನೂ ತಮ್ಮ ಕೈಗೆ ತೆಗೆದುಕೊಂಡದ್ದೇ ಇಲ್ಲಿ ಆದ ಬದಲಾವಣೆ.

ತಿಂಗಳ ಪಟ್ಟಿಯ ಪರಿಶೀಲನೆ

ಡೊಂಬಿವಲಿಯ ಒಂದು ಮಧ್ಯಮ ವರ್ಗದ ಕನ್ನಡ ಕುಟುಂಬವು ತಿಂಗಳಲ್ಲಿ ಕೊಳ್ಳುವ ಸಾಮಾನುಗಳ ಪಟ್ಟಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಹಾಲು, ತರಕಾರಿ, ಕಾಫಿಪುಡಿ, ಹಪ್ಪಳ, ಮಕ್ಕಳಿಗೆ ಚಾಕಲೇಟು, ಹಬ್ಬಕ್ಕೆ ಬಟ್ಟೆ ಇವು ಎಲ್ಲರ ಮನೆಗೂ ಸಾಮಾನ್ಯ.

ಹಾಲು: ಈ ಪಟ್ಟಿಯಲ್ಲಿ ಉತ್ಪಾದಕನಿಗೆ ಹೆಚ್ಚಿನ ಪಾಲು ಸಲ್ಲುವ ವಸ್ತು ಹಾಲು. ಗುಜರಾತಿನ ಆನಂದದಲ್ಲಿ 1946ರಲ್ಲಿ ಆರಂಭವಾದ ಸಹಕಾರ ಪದ್ಧತಿಯು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಿಗೆ ಹಬ್ಬಿತು. ಭಾರತೀಯ ರಿಸರ್ವ್ ಬ್ಯಾಂಕಿನ ಅಧ್ಯಯನದ ಪ್ರಕಾರ, ಹಾಲಿಗೆ ಗ್ರಾಹಕನು ಕೊಡುವ ಪ್ರತಿ ರೂಪಾಯಿಯಲ್ಲಿ ಸುಮಾರು 70 ಪೈಸೆ ಉತ್ಪಾದಕನಿಗೆ ತಲುಪುತ್ತದೆ. ಸಹಕಾರ ಸಂಘದ ಹಾಲನ್ನು ಕೊಳ್ಳುವ ಕುಟುಂಬವು ಯಾವ ವಿಶೇಷ ಮುದ್ರೆಯೂ ಇಲ್ಲದೆ ನ್ಯಾಯಯುತ ವ್ಯಾಪಾರದಲ್ಲಿ ಪಾಲುಗೊಂಡಂತಾಗುತ್ತದೆ.

ತರಕಾರಿ: ಇಲ್ಲಿ ಚಿತ್ರವು ತಿರುವುಮುರುವಾಗಿದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ರಿಸರ್ವ್ ಬ್ಯಾಂಕಿನ ಪ್ರಬಂಧದ ಅಂದಾಜಿನಂತೆ ಗ್ರಾಹಕನ ರೂಪಾಯಿಯಲ್ಲಿ ರೈತನ ಪಾಲು ಟೊಮ್ಯಾಟೊಗೆ 33 ಪೈಸೆ, ಈರುಳ್ಳಿಗೆ 36 ಪೈಸೆ, ಆಲೂಗಡ್ಡೆಗೆ 37 ಪೈಸೆ. ಕಿಲೋಗೆ 40 ರೂಪಾಯಿ ಕೊಟ್ಟು ಟೊಮ್ಯಾಟೊ ಕೊಂಡರೆ ಬೆಳೆದವನಿಗೆ ಸೇರುವುದು 13 ರೂಪಾಯಿಯಷ್ಟು. ಉಳಿದುದು ಸಾಗಾಣಿಕೆ, ಹಮಾಲಿ, ದಲ್ಲಾಳಿ, ಕೊಳೆತು ಹಾಳಾಗುವ ನಷ್ಟ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಲಾಭಗಳಲ್ಲಿ ಹಂಚಿಹೋಗುತ್ತದೆ. ನವಿ ಮುಂಬಯಿಯ ವಾಶಿಯ ಬಳಿ ಇರುವ ಕೃಷಿ ಉತ್ಪನ್ನ ಮಾರುಕಟ್ಟೆಯು ಈ ಇಡೀ ಪ್ರದೇಶದ ಮುಖ್ಯ ಸಗಟು ಕೇಂದ್ರವಾಗಿದೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರವು ಹಣ್ಣು–ತರಕಾರಿಗಳ ಮಾರಾಟವನ್ನು ಮಾರುಕಟ್ಟೆ ಪ್ರಾಂಗಣದ ಹೊರಗೆ ನಿರ್ಬಂಧಮುಕ್ತಗೊಳಿಸಿತು. ಅದೇ ವರ್ಷ ರೈತರೇ ನಗರಕ್ಕೆ ಬಂದು ಮಾರುವ ವಾರದ ಸಂತೆಗಳ ಅಭಿಯಾನವೂ ಸಂತ ಸಾವತಾ ಮಾಳಿಯವರ ಹೆಸರಿನಲ್ಲಿ ಆರಂಭವಾಯಿತು. ಮಧ್ಯವರ್ತಿಗಳ ಸರಪಳಿ ಚಿಕ್ಕದಾದಷ್ಟೂ ರೈತನ ಪಾಲು ಹಿಗ್ಗುವುದರಿಂದ ಇಂತಹ ಸಂತೆಗಳಲ್ಲಿ ಕೊಳ್ಳುವುದು ಉಭಯರಿಗೂ ಹಿತಕರ.

ಮಳೆಗಾಲದಲ್ಲಿ ಶಹಾಪುರ, ಮುರಬಾಡ ಕಡೆಯ ಆದಿವಾಸಿ ಮಹಿಳೆಯರು ಕಾಡಿನ ಸೊಪ್ಪು–ತರಕಾರಿಗಳನ್ನು ನಗರಕ್ಕೆ ತಂದು ಬೀದಿಬದಿಯಲ್ಲಿ ಮಾರುತ್ತಾರೆ. ಕನ್ನಡಿಗರಿಗೆ ಪರಿಚಿತವಾದ ತಗಚೆ ಸೊಪ್ಪು, ಮಾಡಹಾಗಲಕಾಯಿಗಳು ಇಲ್ಲಿ ಟಾಕಳಾ, ಕಂಟೋಲಿ ಎಂಬ ಹೆಸರುಗಳಿಂದ ದೊರೆಯುತ್ತವೆ. ದೊಡ್ಡ ಮಳಿಗೆಯಲ್ಲಿ ಅಚ್ಚಾದ ಬೆಲೆಯನ್ನು ಮಾತಿಲ್ಲದೆ ತೆರುವ ಗ್ರಾಹಕನು, ಬೆಳಗಿನ ಮೊದಲ ರೈಲು ಹಿಡಿದು ಬಂದ ಈ ಹೆಂಗಸರೊಡನೆ ಐದು ರೂಪಾಯಿಗಾಗಿ ಚೌಕಾಸಿ ಮಾಡುವುದುಂಟು. ಇಲ್ಲಿ ದಲ್ಲಾಳಿಯ ಪಾಲಿಲ್ಲ. ಕೊಟ್ಟ ಹಣವು ಕಿತ್ತು ತಂದವಳ ಕೈಗೇ ಸೇರುತ್ತದೆ. ಕಡಿಮೆ ಮಾಡಿಸಿದ ಐದು ರೂಪಾಯಿಯೂ ಅವಳ ಕೂಲಿಯಿಂದಲೇ ಹೋಗುತ್ತದೆ.

ಕಾಫಿ: ದೇಶದ ಕಾಫಿಯಲ್ಲಿ ಹೆಚ್ಚಿನ ಭಾಗವು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುತ್ತದೆ. ಬೆಳೆಗಾರರಲ್ಲಿ ಬಹುಪಾಲು ಜನರು 10 ಹೆಕ್ಟೇರಿಗಿಂತ ಕಡಿಮೆ ತೋಟವಿರುವ ಸಣ್ಣ ಹಿಡುವಳಿದಾರರು. 2001–02ರ ಸುಮಾರಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಇವರು ತೀವ್ರ ಸಂಕಟಕ್ಕೊಳಗಾದರು. ಭಾರತದಲ್ಲಿ ನ್ಯಾಯಯುತ ವ್ಯಾಪಾರದ ಪ್ರಮಾಣಪತ್ರ ಪಡೆದ ಕಾಫಿ, ಚಹಾ ಮತ್ತು ಹತ್ತಿಗಳ ಹೆಚ್ಚಿನ ಭಾಗವು ರಫ್ತಿಗೆ ಮೀಸಲಾಗಿದ್ದು, ಠಾಣೆಯ ಕಿರಾಣಿ ಅಂಗಡಿಯಲ್ಲಿ ಮುದ್ರೆಯುಳ್ಳ ಪೊಟ್ಟಣವು ಅಪರೂಪ. ಆದ್ದರಿಂದ ಬೆಳೆಗಾರರ ಸಂಘಗಳಿಂದ ಅಥವಾ ಬೀಜದ ಮೂಲವನ್ನು ತಿಳಿಸುವ ಪುಡಿ ವ್ಯಾಪಾರಿಗಳಿಂದ ಕೊಳ್ಳುವುದು ಸದ್ಯದ ದಾರಿ.

ಹಪ್ಪಳ: ಮುಂಬಯಿಯ ಗಿರಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಸಂಸ್ಥೆಯು ಇಂದು ಹತ್ತಾರು ಸಾವಿರ ಮಹಿಳೆಯರಿಗೆ ಉದ್ಯೋಗ ಒದಗಿಸಿದೆ. ಹಪ್ಪಳ ಲಟ್ಟಿಸುವ ಪ್ರತಿಯೊಬ್ಬ ಸದಸ್ಯೆಯೂ ಸಂಸ್ಥೆಯ ಸಹ ಒಡತಿ. ಲಟ್ಟಿಸಿದ ತೂಕಕ್ಕೆ ಅನುಗುಣವಾಗಿ ಕೂಲಿ ದೊರೆಯುವುದಲ್ಲದೆ ಲಾಭದಲ್ಲಿಯೂ ಪಾಲಿದೆ. ಸ್ಥಾಪಕ ಸದಸ್ಯೆಯರಲ್ಲೊಬ್ಬರಾದ ಜಸವಂತಿಬೆನ್ ಜಮನಾದಾಸ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ಚಾಕಲೇಟು: ಆಫ್ರಿಕದ ಕೋಕೋ ತೋಟಗಳಲ್ಲಿ ಮಕ್ಕಳ ದುಡಿಮೆಯು ಜಗತ್ತಿನ ಆತಂಕಕ್ಕೆ ಕಾರಣವಾಗಿದೆ. ಕನ್ನಡಿಗರಿಗೆ ಇದಕ್ಕೊಂದು ಪರ್ಯಾಯವು ತಮ್ಮ ನಾಡಿನಲ್ಲಿಯೇ ಇದೆ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ ಮತ್ತು ಕೇರಳದ, ವಿಶೇಷವಾಗಿ ದಕ್ಷಿಣ ಕನ್ನಡ ಹಾಗೂ ಕಾಸರಗೋಡಿನ ಬೆಳೆಗಾರರು ಅದರ ಸದಸ್ಯರು. 1980ರ ಸುಮಾರಿಗೆ ಕೋಕೋ ಬೆಲೆ ಕುಸಿದು, ಬೆಳೆದ ಕಾಯಿಯನ್ನು ಕೊಳ್ಳುವವರೇ ಇಲ್ಲವಾದಾಗ ಈ ಸಂಸ್ಥೆಯು ಖರೀದಿಗೆ ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ಬೆಳೆಗಾರರೇ ಒಡೆಯರಾದ ಕಾರ್ಖಾನೆಯ ಚಾಕಲೇಟನ್ನು ಊರಿನ ಸರಕು ತರಿಸುವ ಅಂಗಡಿಗಳಲ್ಲಿ ಕೇಳಿ ಪಡೆಯಬಹುದು.

ಬಟ್ಟೆ: ಪಟ್ಟಿಯಲ್ಲಿ ಅತ್ಯಂತ ಕಠಿಣವಾದುದು ಇದೇ. ಹತ್ತಿ ಬೆಳೆದವರು, ನೂತವರು, ನೇಯ್ದವರು, ಬಣ್ಣ ಹಾಕಿದವರು, ಹೊಲಿದವರು ಬೇರೆ ಬೇರೆ ಊರಿನವರಾಗಿರುವುದರಿಂದ ಒಂದು ಅಂಗಿಯ ಪೂರ್ಣ ಇತಿಹಾಸವನ್ನು ಅರಿಯುವುದು ಅಂಗಡಿಯವನಿಗೂ ಅಸಾಧ್ಯ. ಖಾದಿ ಮತ್ತು ಕೈಮಗ್ಗದ ಬಟ್ಟೆಗಳಲ್ಲಿ ಈ ಸರಪಳಿಯು ಚಿಕ್ಕದಾಗಿದ್ದು ಗುರುತಿಸಲು ಸುಲಭ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಗ್ರಾಮೀಣ ಮಹಿಳೆಯರಿಂದ, ನೈಸರ್ಗಿಕ ಬಣ್ಣಗಳಿಂದ ಕೈಮಗ್ಗದ ಉಡುಪುಗಳನ್ನು ತಯಾರಿಸುತ್ತ ಬಂದಿದೆ. ಇಂತಹ ಮಾದರಿ ಸಂಸ್ಥೆಯೂ 2020ರಲ್ಲಿ ಸಿದ್ಧ ಬಟ್ಟೆ ಮಾರಾಟವಾಗದೆ ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ನ್ಯಾಯವಾದ ಕೂಲಿ ಕೊಡುವ ಸಂಸ್ಥೆಗೆ ಪ್ರಶಂಸೆಯಷ್ಟೇ ಸಾಲದು, ಗ್ರಾಹಕನೂ ಬೇಕು ಎಂಬುದನ್ನು ಈ ಪ್ರಸಂಗವು ತೋರಿಸಿಕೊಟ್ಟಿತು.

ಮುದ್ರೆಗಳನ್ನು ಓದುವ ಬಗೆ

ಪೊಟ್ಟಣದ ಮೇಲಿನ ಪ್ರತಿಯೊಂದು ಮುದ್ರೆಯೂ ಒಂದು ನಿರ್ದಿಷ್ಟ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಒಂದರಿಂದ ಇನ್ನೊಂದನ್ನು ಊಹಿಸಿಕೊಳ್ಳುವುದು ತಪ್ಪು.

ಅಗ್‌ಮಾರ್ಕ್ ಮತ್ತು ಐ.ಎಸ್.ಐ. ಮುದ್ರೆಗಳು ವಸ್ತುವಿನ ಗುಣಮಟ್ಟವನ್ನು ಕುರಿತವು. ಕೂಲಿಯ ವಿಷಯ ಹೇಳುವುದಿಲ್ಲ. ಜೈವಿಕ ಭಾರತ ಮುದ್ರೆಯು ಆಹಾರವು ಸಾವಯವವೆಂದು ತಿಳಿಸುತ್ತದೆ. ಸಾವಯವವಾದುದೆಲ್ಲ ನ್ಯಾಯವಾದ ಕೂಲಿಯಿಂದ ಬೆಳೆದುದೆಂದು ಅರ್ಥವಲ್ಲ. 2006ರಲ್ಲಿ ಆರಂಭವಾದ ಕೈಮಗ್ಗ ಮುದ್ರೆಯೂ 2013ರ ನಿಯಮಾವಳಿಯಂತೆ ನೀಡಲಾಗುವ ಖಾದಿ ಮುದ್ರೆಯೂ ಬಟ್ಟೆಯು ಕೈಯಿಂದಲೇ ತಯಾರಾದುದೆಂಬುದನ್ನು ದೃಢಪಡಿಸುತ್ತವೆ. ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಮಾರುವ ವಂಚನೆಯಿಂದ ಇವು ರಕ್ಷಣೆ ನೀಡುತ್ತವೆ. ಭೌಗೋಳಿಕ ಸೂಚಕದ ನೋಂದಣಿಯು ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆ, ವಾರ್ಲಿ ಚಿತ್ರಕಲೆಗಳಂತಹ ವಸ್ತುಗಳ ಮೂಲಸ್ಥಾನವನ್ನು ಕಾಪಾಡುತ್ತದೆ. ವಾರ್ಲಿ ಚಿತ್ರಗಳನ್ನು ಯಂತ್ರದಲ್ಲಿ ಅಚ್ಚು ಹಾಕಿದ ಚಾದರವನ್ನು ಕೊಂಡರೆ ಚಿತ್ರ ಬರೆಯುವ ಆದಿವಾಸಿ ಕುಟುಂಬಕ್ಕೆ ಏನೂ ಸಲ್ಲುವುದಿಲ್ಲ. ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ 1994ರಲ್ಲಿ ಆರಂಭವಾಗಿ ಈಗ ಗುಡ್‌ವೀವ್ ಎಂದು ಕರೆಯಲಾಗುವ ಮುದ್ರೆಯು ರತ್ನಗಂಬಳಿಯು ಬಾಲಕಾರ್ಮಿಕರಿಂದ ನೇಯಲ್ಪಟ್ಟಿಲ್ಲವೆಂದು ತಿಳಿಸುತ್ತದೆ. ಬೆಲೆ ಮತ್ತು ವ್ಯಾಪಾರದ ಷರತ್ತುಗಳನ್ನು ನೇರವಾಗಿ ಪರಿಶೀಲಿಸುವುದು ಫೇರ್‌ಟ್ರೇಡ್ ಮುದ್ರೆ.

ಪೊಟ್ಟಣದಲ್ಲಿ ಬರುವ ವಸ್ತುಗಳ ಮೇಲೆ ತಯಾರಕರ ಹೆಸರು, ವಿಳಾಸ, ತೂಕ ಮತ್ತು ಗರಿಷ್ಠ ಮಾರಾಟ ಬೆಲೆ ಇರುವುದು ಕಡ್ಡಾಯ. ಮುದ್ರೆ ಇಲ್ಲದ ಕಡೆ ಈ ವಿಳಾಸವೇ ವಿಚಾರಣೆಯ ಮೊದಲ ಮೆಟ್ಟಿಲು. ತಯಾರಕರು ಸಹಕಾರ ಸಂಘವೇ, ಸ್ವಸಹಾಯ ಗುಂಪೇ, ಖಾಸಗಿ ಕಂಪನಿಯೇ ಎಂಬುದನ್ನು ಅದರಿಂದ ತಿಳಿಯಬಹುದು. ಸುಳ್ಳು ಮುದ್ರೆ ಅಥವಾ ದಾರಿ ತಪ್ಪಿಸುವ ಜಾಹೀರಾತು ಕಂಡುಬಂದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ನೀಡಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಒಟ್ಟಾಗಿ ಕೊಳ್ಳುವುದರ ಬಲ

ಒಬ್ಬ ಗ್ರಾಹಕನ ಪ್ರಶ್ನೆಗೆ ಅಂಗಡಿಯವನು ಕಿವಿಗೊಡದಿರಬಹುದು. ನೂರು ಕುಟುಂಬಗಳು ಒಟ್ಟಾಗಿ ಕೇಳಿದರೆ ಕಿವಿಗೊಡಲೇಬೇಕಾಗುತ್ತದೆ. 1975ರಲ್ಲಿ ಸ್ಥಾಪನೆಯಾದ ಮುಂಬಯಿ ಗ್ರಾಹಕ ಪಂಚಾಯತ್ ಈ ತತ್ತ್ವವನ್ನು ಆಚರಣೆಗೆ ತಂದಿತು. ನೆರೆಹೊರೆಯ ಕುಟುಂಬಗಳು ಸಣ್ಣ ಸಂಘಗಳಾಗಿ ಕೂಡಿ, ತಿಂಗಳ ಸಾಮಾನಿನ ಪಟ್ಟಿಯನ್ನು ಮುಂಗಡವಾಗಿ ಸಲ್ಲಿಸುತ್ತವೆ. ಸಂಸ್ಥೆಯು ಸಗಟಾಗಿ ಖರೀದಿಸಿ, ನಿಗದಿಯಾದ ದಿನ ಸಂಘಕ್ಕೆ ತಲುಪಿಸುತ್ತದೆ. ಹಂಚಿಕೊಳ್ಳುವ ಕೆಲಸವನ್ನು ಸದಸ್ಯರೇ ಮಾಡುತ್ತಾರೆ. ಮುಂಬಯಿ, ಠಾಣೆ ಮೊದಲಾದ ಕಡೆಗಳಲ್ಲಿ ಸಾವಿರಾರು ಕುಟುಂಬಗಳು ಇದರಲ್ಲಿ ಸೇರಿವೆ. ಬೆಲೆಯೇರಿಕೆ ಹಾಗೂ ಕಲಬೆರಕೆಗಳಿಂದ ಗ್ರಾಹಕನನ್ನು ರಕ್ಷಿಸುವುದು ಇದರ ಮೂಲ ಉದ್ದೇಶವಾದರೂ, ಮುಂಗಡ ಬೇಡಿಕೆ ಮತ್ತು ಸಗಟು ಖರೀದಿಯ ಈ ವಿಧಾನವು ಉತ್ಪಾದಕನಿಗೂ ಅನುಕೂಲ. ಎಷ್ಟು ಮಾರಾಟವಾಗುವುದೆಂದು ಮೊದಲೇ ತಿಳಿದ ರೈತ ಅಥವಾ ಕುಶಲಕರ್ಮಿಯು ನಷ್ಟದ ಭಯವಿಲ್ಲದೆ ದುಡಿಯಬಲ್ಲನು.

ನವಿ ಮುಂಬಯಿಯ ಬೇಲಾಪುರದಲ್ಲಿ ಸಿಡ್ಕೋ ಸಂಸ್ಥೆಯು ನಿರ್ಮಿಸಿದ ಅರ್ಬನ್ ಹಾಟ್‌ನಲ್ಲಿ ದೇಶದ ವಿವಿಧ ಭಾಗಗಳ ನೇಕಾರರು ಹಾಗೂ ಕುಶಲಕರ್ಮಿಗಳು ತಮ್ಮ ವಸ್ತುಗಳನ್ನು ತಾವೇ ಮಾರುತ್ತಾರೆ. ಸ್ವಸಹಾಯ ಗುಂಪುಗಳ ಮಹಿಳೆಯರಿಗಾಗಿ ಮಹಾಲಕ್ಷ್ಮಿ ಸರಸ್ ಮೇಳವೂ ನಡೆದುಬಂದಿದೆ. ಕನ್ನಡ ಸಂಘಗಳು ತಮ್ಮ ವಾರ್ಷಿಕ ಉತ್ಸವಗಳಲ್ಲಿ ಇಂತಹ ಉತ್ಪಾದಕರಿಗೆ ಒಂದು ಮಳಿಗೆಯನ್ನು ಒದಗಿಸಿದರೆ ಉಭಯರಿಗೂ ಪ್ರಯೋಜನವಾದೀತು.

ಮಿತಿಗಳು

ನ್ಯಾಯಯುತ ವ್ಯಾಪಾರದ ವಸ್ತುಗಳನ್ನು ಮಾತ್ರ ಕೊಳ್ಳುವೆನೆಂಬ ಸಂಕಲ್ಪವು ಕೆಲವು ತಡೆಗಳನ್ನು ಎದುರಿಸುತ್ತದೆ. ಮೊದಲನೆಯದಾಗಿ, ಮೊಬೈಲ್ ಫೋನು, ಔಷಧ, ಅಡುಗೆ ಅನಿಲ, ರೈಲು ಪಾಸುಗಳಿಗೆ ಇಂತಹ ಆಯ್ಕೆಯೇ ಇಲ್ಲವೆನ್ನಬಹುದು. ಎರಡನೆಯದಾಗಿ, ಮುದ್ರೆ ಪಡೆಯಲು ಶುಲ್ಕ ಮತ್ತು ದಾಖಲೆಗಳು ಬೇಕಾಗುವುದರಿಂದ ಅತಿ ಸಣ್ಣ ಉತ್ಪಾದಕರು ಅದರಿಂದ ಹೊರಗುಳಿಯುತ್ತಾರೆ. ಮೂರನೆಯದಾಗಿ, ಮುದ್ರೆಯ ಲಾಭವು ಭೂಮಿಯುಳ್ಳ ಬೆಳೆಗಾರನಿಗೆ ತಲುಪಿ, ಅವನ ತೋಟದ ಕೂಲಿಯವನಿಗೆ ತಲುಪದಿರಬಹುದು. ಇಥಿಯೋಪಿಯ ಮತ್ತು ಉಗಾಂಡಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕೊರತೆಯತ್ತ ಬೆರಳು ಮಾಡಿತು. ನಾಲ್ಕನೆಯದಾಗಿ, ಆದಾಯ ಕಡಿಮೆಯಿರುವ ಕುಟುಂಬಕ್ಕೆ ಹೆಚ್ಚಿನ ಬೆಲೆ ಕೊಡುವ ಶಕ್ತಿಯಿರುವುದಿಲ್ಲ. ಭಿವಂಡಿಯ ಮಗ್ಗದ ಕಾರ್ಮಿಕನೂ ಒಬ್ಬ ಗ್ರಾಹಕನೇ. ಅವನಿಗೆ ಅಗ್ಗದ ಅಂಗಿಯೇ ಗತಿ. ಅವನ ಕೂಲಿ ಏರುವವರೆಗೆ ಅವನಿಂದ ಹೆಚ್ಚಿನ ಬೆಲೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈ ಕಾರಣಗಳಿಂದ, ಗ್ರಾಹಕನ ಆಯ್ಕೆಯು ಕಾನೂನಿನ ಜಾರಿಗೆ ಪರ್ಯಾಯವಾಗಲಾರದು. ಕನಿಷ್ಠ ವೇತನದ ಪಾಲನೆ, ಜೀತಮುಕ್ತಿ, ಕಾರ್ಮಿಕರ ಸಂಘಟನೆ ಇವು ಮುಖ್ಯ ಆಧಾರಗಳು. ಆಯ್ಕೆಯುಳ್ಳ ಗ್ರಾಹಕನು ಅವುಗಳಿಗೆ ಒತ್ತಾಸೆಯಾಗಿ ನಿಲ್ಲಬಲ್ಲನು.

ಕುಟುಂಬವು ಕೈಗೊಳ್ಳಬಹುದಾದ ಕ್ರಮಗಳು

1. ಇಡೀ ಪಟ್ಟಿಯನ್ನು ಒಮ್ಮೆಗೇ ಬದಲಿಸಲು ಹೊರಡದೆ, ತಿಂಗಳಿಗೆ ಒಂದು ವಸ್ತುವನ್ನು ಆರಿಸಿಕೊಂಡು ಅದರ ಮೂಲವನ್ನು ವಿಚಾರಿಸುವುದು.
2. ಹಾಲು, ಹಪ್ಪಳ, ಚಾಕಲೇಟು ಮೊದಲಾದವುಗಳಲ್ಲಿ ಉತ್ಪಾದಕರೇ ಒಡೆಯರಾಗಿರುವ ಸಹಕಾರ ಸಂಸ್ಥೆಗಳಿಗೆ ಆದ್ಯತೆ ನೀಡುವುದು.
3. ತರಕಾರಿಯನ್ನು ಸಾಧ್ಯವಾದಷ್ಟು ರೈತರ ವಾರದ ಸಂತೆಯಲ್ಲಿ ಕೊಳ್ಳುವುದು. ತಾವೇ ತಂದು ಮಾರುವ ಬಡ ಮಹಿಳೆಯರೊಡನೆ ಚೌಕಾಸಿ ಮಾಡದಿರುವುದು.
4. ವರ್ಷಕ್ಕೆ ನಾಲ್ಕು ಅಗ್ಗದ ಉಡುಪುಗಳ ಬದಲು ಬಾಳಿಕೆಯುಳ್ಳ ಎರಡು ಕೈಮಗ್ಗದ ಉಡುಪುಗಳನ್ನು ಮುದ್ರೆ ನೋಡಿ ಕೊಳ್ಳುವುದು. ಹೀಗೆ ಮಾಡಿದಲ್ಲಿ ಒಟ್ಟು ವೆಚ್ಚವು ಹೆಚ್ಚಬೇಕೆಂದೇನೂ ಇಲ್ಲ.
5. ನೆರೆಯ ಹತ್ತು–ಹನ್ನೆರಡು ಕುಟುಂಬಗಳು ಕೂಡಿ ಸಗಟಾಗಿ ಖರೀದಿಸುವುದು.
6. ಮನೆಗೆಲಸದವರು, ಹಾಲು–ಪತ್ರಿಕೆ ಹಾಕುವವರು, ಕಟ್ಟಡದ ಕಾವಲುಗಾರರು ಇವರಿಗೆ ಸಲ್ಲಬೇಕಾದ ಸಂಬಳ, ರಜೆಗಳನ್ನು ಸಕಾಲದಲ್ಲಿ ಕೊಡುವುದು. ಇಲ್ಲಿ ಕುಟುಂಬವೇ ಮಾಲೀಕನ ಸ್ಥಾನದಲ್ಲಿರುವುದರಿಂದ ನ್ಯಾಯಯುತ ವ್ಯವಹಾರದ ಮೊದಲ ಪರೀಕ್ಷೆಯು ಮನೆಬಾಗಿಲಲ್ಲಿಯೇ ನಡೆಯುತ್ತದೆ.

ಅಗ್ಗದ ವಸ್ತುವಿನ ಬೆಲೆಯನ್ನು ಯಾರೋ ಒಬ್ಬರು ತೆತ್ತಿರುತ್ತಾರೆ. ಅದನ್ನು ತೆತ್ತವರು ಯಾರೆಂದು ಕೇಳುವ ಅಭ್ಯಾಸವು ಮನೆಮನೆಗಳಲ್ಲಿ ಬೆಳೆದರೆ, ಅಂಗಡಿಯವನೂ ತಯಾರಕನೂ ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಎಲ್ಲವನ್ನೂ ನ್ಯಾಯವಾಗಿ ಕೊಳ್ಳುವುದು ಇಂದು ಸಾಧ್ಯವಿಲ್ಲದಿದ್ದರೂ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಗೆ ಕಳೆದ ವಾರ ಬಂದ ಐದು ವಸ್ತುಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಎಷ್ಟರ ತಯಾರಕರು ಯಾರೆಂದು ನಿಮಗೆ ತಿಳಿದಿದೆ?
2. ಹಾಲಿನಲ್ಲಿ ಉತ್ಪಾದಕನ ಪಾಲು ಹೆಚ್ಚಾಗಿರಲು, ಟೊಮ್ಯಾಟೊದಲ್ಲಿ ಕಡಿಮೆಯಾಗಿರಲು ಕಾರಣಗಳೇನು?
3. ಸಾವಯವ ಮುದ್ರೆಗೂ ನ್ಯಾಯಯುತ ವ್ಯಾಪಾರದ ಮುದ್ರೆಗೂ ಇರುವ ವ್ಯತ್ಯಾಸವನ್ನು ವಿವರಿಸಿ.
4. ಬಡ ಗ್ರಾಹಕನಿಗೂ ಬಡ ಉತ್ಪಾದಕನಿಗೂ ಏಕಕಾಲದಲ್ಲಿ ನ್ಯಾಯ ಒದಗಿಸಲು ಸರ್ಕಾರ, ಸಹಕಾರ ಸಂಘ ಮತ್ತು ಗ್ರಾಹಕರು ಯಾವ ಯಾವ ಕ್ರಮಗಳನ್ನು ಕೈಗೊಳ್ಳಬಹುದು?